ಮನೆಯಿಲ್ಲದವನ ಬೀಡಿ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಪ್ರಾಜೆಕ್ಟ್ ರಿಲೀಸು, ಅದರ ಹಿಂದೆ ಇನ್ನೊಂದು ರಿಲೀಸು... ಹೋಗಲಿ ಬಿಡಿ, ಆ ಗೋಳು ನಿಮಗೂ ಗೊತ್ತಿರುವುದೇ :)

ಹೋದ ತಿಂಗಳು ಊರಿಗೆ ಹೋಗಿದ್ದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಳ್ಳಾರಿ ಮುಟ್ಟಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಸಿರುಗುಪ್ಪದ ಬಸ್ಸು ಹಿಡಿಯುವ ಮೊದಲು ಸ್ಟೇಷನ್ ಹೊರಗೆ ಒಂದು ಚಹಾ ಕುಡಿಯೋಣ ಅಂತ ನಿಂತೆ. ಗೋಡೆಗೆ ಒರಗಿ ಕಂಬಳಿ ಹೊದ್ದು ಕೂತಿದ್ದ ಮುದುಕರೊಬ್ಬರು ಕೇಳಿದರು, "ಕಡ್ಡಿಪೆಟ್ಗಿ ಐತೇನಪ್ಪಾ?" ನಾನು ಸಿಗರೇಟು ಬಿಟ್ಟು ಎರಡು ವರ್ಷವಾಯಿತು. ಹೊಸದಾಗಿ ಬಿಟ್ಟವರಿಗೆ ಒಂದು ರೋಗ ಇರುತ್ತದೆ, ಕಂಡವರಿಗೆಲ್ಲ ಬುದ್ಧಿ ಹೇಳುವುದು. "ಇಲ್ಲ ತಾತ. ಬೆಳಗ್ಗೆ ಬೆಳಗ್ಗೇನೇ ಯಾಕೆ, ಬಿಟ್ಟುಬಿಡು" ಅಂದೆ. ತಾತ ನಕ್ಕರು. "ಬಿಟ್ಟು ಎಲ್ಲಿಗೆ ಹೋಗ್ಲಪ್ಪಾ?"

ಅಷ್ಟೇ. ಪಕ್ಕದವರ ಹತ್ತಿರ ಬೆಂಕಿ ಇಸಕೊಂಡು ಬೀಡಿ ಹಚ್ಚಿದರು. ನಾನು ಬಸ್ಸು ಹತ್ತಿದೆ. ಕುರುಗೋಡು ದಾಟುವವರೆಗೂ ಆ ಮಾತು ತಲೆಯೊಳಗೆ ಸುತ್ತುತ್ತಲೇ ಇತ್ತು. ಮನೆಯಿಲ್ಲದ ಮನುಷ್ಯನಿಗೂ ಹೊಗೆಗೂ ಈ ನಂಟು ಯಾವಾಗಿನದು? ಬಿಡು ಅನ್ನುವವರು ಅವನಿಗೆ ಇಲ್ಲಿಯವರೆಗೆ ಏನು ಮಾಡಿದ್ದಾರೆ? ವಾಪಸ್ ಬಂದ ಮೇಲೆ ಸಿಕ್ಕಿದ್ದೆಲ್ಲ ಓದಿದೆ. ಅದರ ಫಲ ಈ ಬರಹ. ಉದ್ದ ಇದೆ, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಕುರುಗೋಡಿನ ದೊಡ್ಡಬಸವಣ್ಣನನ್ನು ನೋಡಿದ್ದೀರಾ? ಒಂದೇ ಕಲ್ಲಿನ ಭಾರೀ ನಂದಿ, ಎದುರು ನಿಂತರೆ ಕತ್ತು ಎತ್ತಬೇಕು. ಅಲ್ಲಿ ಸಿಂದರು ಆಳುತ್ತಿದ್ದ ಕಾಲದಲ್ಲಿ, ಅಂದರೆ ಹನ್ನೆರಡನೇ ಶತಮಾನದಲ್ಲಿ, ದೇವಸ್ಥಾನದ ಮಂಟಪದಲ್ಲಿ ಮಲಗುತ್ತಿದ್ದ ಪರದೇಶಿಯ ಕೈಯಲ್ಲಿ ಬೀಡಿ ಇರಲಿಲ್ಲ. ಇರಲು ಸಾಧ್ಯವೇ ಇರಲಿಲ್ಲ, ಹೊಗೆಸೊಪ್ಪು ಆಗ ಅಮೆರಿಕ ಖಂಡದಲ್ಲಿ ಮಾತ್ರ ಇತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಎಲೆಅಡಿಕೆಯನ್ನು ಬಾಯಿತುಂಬಾ ಹೊಗಳಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಪೇಟೆಯಲ್ಲಿ ಮಾರುವ ಸಾಮಾನುಗಳನ್ನೆಲ್ಲ ಲೆಕ್ಕ ಹಾಕಿದಂತೆ ಬರೆದಿದ್ದಾನೆ. ಇಬ್ಬರ ಬರಹದಲ್ಲೂ ಹೊಗೆಸೊಪ್ಪಿಲ್ಲ. ನಮ್ಮ ಕಡೆ ಇದನ್ನು ಅನಾದಿ ಕಾಲದ ಚಟ ಅಂತ ಹೇಳುವವರಿಗೆ ಇಷ್ಟು ಸಾಕು. ಎಲೆಅಡಿಕೆ ಹಳೆಯದು, ಹೊಗೆ ಹೊಸದು.

ಹೊಗೆಸೊಪ್ಪು ದಖ್ಖನಿಗೆ ಬಂದದ್ದು ಪೋರ್ಚುಗೀಸರಿಂದ. ಅದರಲ್ಲೂ ನಮ್ಮ ವಿಜಾಪುರಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ಅಕ್ಬರನ ಅಧಿಕಾರಿ ಅಸದ್ ಬೇಗ್ 1604ರ ಹೊತ್ತಿಗೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಬಂದಿದ್ದ. ರಾಜಕುಮಾರ ದಾನಿಯಾಲನಿಗೆ ಅಲ್ಲಿಂದ ಹೆಣ್ಣು ತರುವ ಕೆಲಸ. ಹೆಣ್ಣಿನ ದಿಬ್ಬಣದ ಜತೆ ಅವನು ಉತ್ತರಕ್ಕೆ ಒಯ್ದದ್ದರಲ್ಲಿ ಒಂದು ಚಂದದ ಹೊಗೆ ಕೊಳವೆ ಮತ್ತು ಹೊಗೆಸೊಪ್ಪು ಇದ್ದವು. ಹಿಂದೂಸ್ತಾನದಲ್ಲಿ ಇಂಥದನ್ನು ತಾನು ಕಂಡೇ ಇರಲಿಲ್ಲ ಅಂತ ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಎರಡು ಮೂರು ಸಲ ಎಳೆದ. ಆಸ್ಥಾನದ ಹಕೀಮ ಬೇಡವೆಂದ, ಗೊತ್ತಿಲ್ಲದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ ಅಂತ. ಅಸದ್ ಬೇಗ್ ವಾದಕ್ಕೆ ನಿಂತ, ಪ್ರತಿ ಪದ್ಧತಿಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತಲ್ಲವೇ ಅಂತ. ಅಕ್ಬರ್ ಮತ್ತೆ ಮುಟ್ಟಲಿಲ್ಲ. ಆದರೆ ಸರದಾರರು ಮುಗಿಬಿದ್ದರು, ವ್ಯಾಪಾರಿಗಳು ಮಾರಲು ಶುರು ಮಾಡಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸಿದ. ಹತ್ತು ಹದಿಮೂರು ವರ್ಷದಲ್ಲಿ ಅರಮನೆಯ ವಿನೋದ ರಾಜಾಜ್ಞೆಯಿಂದಲೂ ನಿಲ್ಲದ ಚಟವಾಗಿ ಹೋಗಿತ್ತು. ಡಾಕ್ಟರ ಮಾತು ಮೊದಲ ದಿನವೇ ಸೋತಿದ್ದನ್ನು ಗಮನಿಸಿ!

ಬಳ್ಳಾರಿ ಪಾಳೆಯಗಾರರು ಆಗ ವಿಜಾಪುರಕ್ಕೆ ಕಪ್ಪ ಕೊಡುತ್ತಿದ್ದವರು. ಹಾಗಾಗಿ ನಮ್ಮ ಜನ ಆಗ್ರಾದವರಿಗಿಂತ ಹಿಂದೆ ಬಿದ್ದಿರಲಾರರು ಅನ್ನುವುದು ನನ್ನ ಊಹೆ. ಚಿಲುಮೆ ಬಂತು, ಚುಟ್ಟ ಬಂತು. ಇನ್ನೂರು ಮುನ್ನೂರು ವರ್ಷ ಅವೇ ನಡೆದವು.

ಬೀಡಿಯ ಕಥೆ ಬೇರೆ. 1899ರ ಬರದಲ್ಲಿ ಗುಜರಾತಿನಿಂದ ಗುಳೆ ಹೊರಟವರು ಮಧ್ಯಪ್ರಾಂತದಲ್ಲಿ ರೈಲು ಹಳಿ ಹಾಕುವ ಕೆಲಸಕ್ಕೆ ಸೇರಿದರು, ಅಲ್ಲಿನ ಕಾಡಿನ ತೆಂದು ಎಲೆ ಹೊಗೆಸೊಪ್ಪು ಸುತ್ತಲು ಚೆನ್ನಾಗಿದೆ ಅಂತ ಕಂಡುಕೊಂಡರು, 1902ರ ಹೊತ್ತಿಗೆ ಜಬಲ್ಪುರದಲ್ಲಿ ಬೀಡಿ ಉದ್ದಿಮೆ ಶುರುವಾಯಿತು ಅಂತ ಆ ಉದ್ದಿಮೆಯ ಚರಿತ್ರೆ ಹೇಳುತ್ತದೆ. ಇದನ್ನು ಓದಿದಾಗ ಒಂದು ಕ್ಷಣ ಸುಮ್ಮನೆ ಕೂತೆ. ಮನೆ ಬಿಟ್ಟು ಹೊರಟವರ ಕೈಯಲ್ಲೇ ಹುಟ್ಟಿದ ವಸ್ತು, ರೈಲಿನ ಜತೆಗೇ ಊರೂರಿಗೆ ಹೋಯಿತು, ಕೊನೆಗೆ ರೈಲು ಸ್ಟೇಷನ್ನಿನ ಗೋಡೆಗೆ ಒರಗಿ ಕೂತವರ ಕೈಗೇ ಬಂದು ನಿಂತಿತು.

ಬರದ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮದರಾಸು ಪ್ರಾಂತ್ಯದ ಅತಿ ಕೆಟ್ಟ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಜನಗಣತಿಗೂ 1881ರದಕ್ಕೂ ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕಡಿಮೆಯಾಗಿತ್ತು. ರೈಲು ಇತ್ತು, ಧಾನ್ಯವೂ ಬರುತ್ತಿತ್ತು, ಕೊಳ್ಳಲು ಕಾಸಿರಲಿಲ್ಲ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬಂದು ಬರಗಾಲದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಮೇಲೆ ಪುಡಿಗಾಸಿಗೆ ಇಳಿಸಿದ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಅಂತ ಜಗಳಕ್ಕೆ ಬಿದ್ದ.

ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಸಂಗತಿ. ಅದಕ್ಕೆ ಮೊದಲು ನೆಲೆ ಇಲ್ಲದೆ ಅಲೆಯುವವನಿಗೆ ಛತ್ರ ಇತ್ತು, ಮಠದ ದಾಸೋಹ ಇತ್ತು, ಮಂಟಪ ಇತ್ತು. ಬರದ ಕಾಲದಲ್ಲಿ ಸರ್ಕಾರಕ್ಕೆ ಅಲೆಯುವವನೇ ಒಂದು ಸಮಸ್ಯೆಯಾಗಿ ಕಂಡ. ಹಿಡಿದು ಕ್ಯಾಂಪಿನಲ್ಲಿ ಕೂಡಿಸಬೇಕು, ಗಂಜಿ ಹಾಕಬೇಕು, ಊರಿಗೆ ಕಳಿಸಬೇಕು. ಆ ಯೋಚನೆ ಬ್ರಿಟಿಷರ ಜತೆ ಹೋಗಲಿಲ್ಲ. 1945ರಲ್ಲಿ ಮದರಾಸು ಭಿಕ್ಷಾಟನೆ ತಡೆ ಕಾಯ್ದೆ ಬಂತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಮುಂದೆ 1975ರಲ್ಲಿ ಇಡೀ ರಾಜ್ಯಕ್ಕೆ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಾಯಿತು. ನಾವು ಕಟ್ಟುವ ಮನೆ ಕಂದಾಯದ ಮೇಲೆ ಭಿಕ್ಷುಕರ ಕರ ಅಂತ ನೂರಕ್ಕೆ ಮೂರು ರೂಪಾಯಿ ಇರುತ್ತದೆ ನೋಡಿ, ಅದು ಇದರದೇ. ಆ ಹಣದಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತಾಗ ಮಾತ್ರ ನಾವೆಲ್ಲ ಆ ಹೆಸರನ್ನು ಪೇಪರಿನಲ್ಲಿ ಓದಿದ್ದು.

ಇಷ್ಟರ ನಡುವೆ ಒಂದು ಸಣ್ಣ ಪ್ರಸಂಗ. ಬಳ್ಳಾರಿಯವರು ಈಗಲೂ ಹೇಳುವ ಮಾತು, 1921ರಲ್ಲಿ ಗಾಂಧೀಜಿ ಬಂದಾಗ ಸ್ವಾಗತ ಯಾರು ಮಾಡಬೇಕು ಅಂತ ಕನ್ನಡದ ಕಾಂಗ್ರೆಸ್ಸಿಗರಿಗೂ ತೆಲುಗಿನವರಿಗೂ ಜಗಳವಾಗಿ, ಅವರು ಯಾರ ಮನೆಗೂ ಹೋಗದೆ ಸ್ಟೇಷನ್ನಿನಲ್ಲೇ ರಾತ್ರಿ ಕಳೆದರಂತೆ. ಆತ್ಮಕಥೆಯಲ್ಲಿ ಗಾಂಧೀಜಿಯೇ ಒಪ್ಪಿಕೊಂಡಿದ್ದಾರೆ, ಹುಡುಗನಾಗಿದ್ದಾಗ ಚಿಕ್ಕಪ್ಪ ಸೇದಿ ಬಿಸಾಡಿದ ತುಂಡುಗಳನ್ನು ಆರಿಸಿ ಸೇದಿದ್ದು, ಅದಕ್ಕಾಗಿ ಆಳಿನ ಕಾಸು ಕದ್ದಿದ್ದು. ಅವರು ಆಮೇಲೆ ಬಿಟ್ಟರು. ಬಿಸಾಡಿದ ತುಂಡು ಆರಿಸುವ ಕೆಲಸ ಅದೇ ಸ್ಟೇಷನ್ನಿನ ಹೊರಗೆ ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಹೊಗೆಯ ಕಾನೂನಿಗೆ ಬರೋಣ. 2003ರಲ್ಲಿ ಕೋಟ್ಪಾ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ ಕಟ್ಟುನಿಟ್ಟಿನ ನಿಷೇಧ, 200 ರೂಪಾಯಿವರೆಗೆ ದಂಡ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ದಂಡ 1000 ರೂಪಾಯಿ. ಒಳ್ಳೆಯ ಕಾನೂನು, ನನಗೇನೂ ತಕರಾರಿಲ್ಲ. ನಾನು ಬಿಡುವುದಕ್ಕೆ ಆಫೀಸಿನ ಕೆಳಗೆ ನಿಂತು ಸೇದಲು ಆಗದಂತಾದದ್ದೂ ಒಂದು ಕಾರಣ. ಆದರೆ ಒಂದು ಕ್ಷಣ ಆ ತಾತನ ಜಾಗದಲ್ಲಿ ಕೂತು ಈ ಕಾನೂನು ಓದಿ. ಸ್ಟೇಷನ್, ಬಸ್ ಸ್ಟ್ಯಾಂಡ್, ಆಸ್ಪತ್ರೆ ಎಲ್ಲ ಸಾರ್ವಜನಿಕ ಸ್ಥಳ. ನಾನು ಸೇದಬೇಕೆಂದರೆ ಮನೆಗೆ ಹೋಗಿ ಬಾಲ್ಕನಿಯಲ್ಲಿ ನಿಲ್ಲಬಹುದು. ಅವರ ಮನೆಯೇ ಆ ಸಾರ್ವಜನಿಕ ಸ್ಥಳ. ಅವರು ಮಲಗುವ ಜಾಗದಲ್ಲೇ ದಂಡ ಕಟ್ಟಬೇಕು, ಊಟಕ್ಕೆ ಕೈ ಚಾಚಿದರೆ ಇನ್ನೊಂದು ಕಾಯ್ದೆ. ಸರ್ಕಾರ ಅವರನ್ನು ಹೊಗೆ ಬಿಡಿಸಲು ಹುಡುಕಿಕೊಂಡು ಬಂದದ್ದು ಕಡಿಮೆ, ಎಬ್ಬಿಸಲು ಬಂದದ್ದು ಹೆಚ್ಚು.

ಲೆಕ್ಕದಲ್ಲೂ ಅವರಿಲ್ಲ. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತಂಬಾಕು ಬಳಸುವವರು 2009-10ರಲ್ಲಿ ನೂರಕ್ಕೆ 28.2 ಇದ್ದದ್ದು 2016-17ಕ್ಕೆ 22.8ಕ್ಕೆ ಇಳಿಯಿತು. ಸಂತೋಷದ ಸುದ್ದಿಯೇ. ಆದರೆ ಆ ಸಮೀಕ್ಷೆ ನಡೆಯುವುದು ಮನೆ ಮನೆಗೆ ಹೋಗಿ. ಮನೆಯೇ ಇಲ್ಲದವನ ಬಾಗಿಲು ಯಾರು ತಟ್ಟುತ್ತಾರೆ? 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರನ್ನು ಎಣಿಸಿತ್ತು. ಅವರೆಲ್ಲ ಈ ಸಂತೋಷದ ಸುದ್ದಿಯಿಂದ ಹೊರಗೆ. ಡೇಟಾ ಕೆಲಸ ಮಾಡುವವನಾಗಿ ಇದು ನನಗೆ ಬಹಳ ಚುಚ್ಚಿತು. ಟೇಬಲಿನಲ್ಲಿ ಸಾಲೇ ಇಲ್ಲದವನಿಗೆ ಯಾವ ಕ್ವೆರಿ ಬರೆದರೂ ಉತ್ತರ ಬರುವುದಿಲ್ಲ.

ಬಿಡಿಸುವ ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದಲ್ಲಿ 13 ತಂಬಾಕು ವ್ಯಸನ ಬಿಡಿಸುವ ಕ್ಲಿನಿಕ್ಕುಗಳು ಶುರುವಾದಾಗ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಅದರಲ್ಲಿದ್ದವು. 2016ರಿಂದ 1800-11-2356 ಅನ್ನುವ ಉಚಿತ ಸಹಾಯವಾಣಿ ಇದೆ, 2018ರ ಸೆಪ್ಟೆಂಬರಿನಿಂದ ಆ ನಂಬರನ್ನು ಪ್ಯಾಕಿನ ಮೇಲೆ ಅಚ್ಚು ಹಾಕಿಸುತ್ತಿದ್ದಾರೆ. ಅದೇ 2018ರಲ್ಲಿ ನಿಮ್ಹಾನ್ಸಿನಲ್ಲೂ ಒಂದು ಕೇಂದ್ರ ಶುರುವಾಯಿತು, ಕನ್ನಡದಲ್ಲೂ ಮಾತಾಡುತ್ತಾರೆ. ನಾನೂ ಫೋನ್ ಮಾಡಿದವನೇ, ನನಗೆ ಉಪಯೋಗವಾಯಿತು. ಆದರೆ ಪ್ಯಾಕ್ ಕೊಳ್ಳದೆ ಬಿಡಿಯಾಗಿ ಒಂದೋ ಎರಡೋ ಬೀಡಿ ಕೊಳ್ಳುವವನಿಗೆ ಆ ನಂಬರ್ ಕಾಣುವುದೇ ಇಲ್ಲ. ಕಂಡರೂ ಫೋನ್ ಬೇಕು. ಬಿಡಿ ಮಾರಾಟವನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿದೆ. ಅದು ಎಷ್ಟು ಜಾರಿಯಲ್ಲಿದೆ ಅಂತ ನಿಮ್ಮ ಬೀದಿಯ ಪಾನ್ ಅಂಗಡಿ ಹೇಳುತ್ತದೆ. ನಿಕೋಟಿನ್ ಚಿಕಿತ್ಸೆ 2022ರಲ್ಲಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತು, ಅದು ಒಳ್ಳೆಯದಾಯಿತು. ಅಂಗಡಿಯಲ್ಲಿ ಕೊಂಡರೆ ಚೂಯಿಂಗ್ ಗಮ್ ಬೀಡಿ ಕಟ್ಟಿಗಿಂತ ಎಷ್ಟೋ ಪಟ್ಟು ದುಬಾರಿ. ಹಲ್ಲು ಹೋದವರಿಗೆ ಅದನ್ನು ಅಗಿಯುವುದೂ ಕಷ್ಟ.

ಬೀಡಿ ಸಣ್ಣದು, ಅದರಲ್ಲಿ ಏನಿರುತ್ತೆ ಅನ್ನುವವರಿದ್ದಾರೆ. ಅದರಲ್ಲಿ ಹೊಗೆಸೊಪ್ಪು ಸಿಗರೇಟಿಗಿಂತ ಕಡಿಮೆಯೇ. ಆದರೆ ಎಲೆಯೊಳಗಿಂದ ಗಾಳಿ ಆಡುವುದಿಲ್ಲ, ಆರಿಹೋಗದಂತೆ ಬೇಗ ಬೇಗ ಜೋರಾಗಿ ಎಳೆಯಬೇಕು. ಹಾಗಾಗಿ ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಡಿಮೆ ಏನೂ ಒಳಗೆ ಹೋಗುವುದಿಲ್ಲ. ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ, ಹಸಿವನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ. ಬೀಡಿ ಹಸಿವು ಕಟ್ಟುತ್ತದೆ ಅಂತ ಕೂಲಿಯವರು ಹೇಳುವುದು ಸುಳ್ಳಲ್ಲ. ಊಟದ ಬದಲು ಬೀಡಿ ಸೇದುವವನಿಗೆ ಬೀಡಿ ಬಿಡು ಅಂದರೆ ಹಸಿವು ತಡಿ ಅಂದಂತೆ.

ಇದರ ಜತೆ ಕ್ಷಯ ಸೇರಿದರೆ ಮುಗಿಯಿತು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ತಮಿಳುನಾಡಿನ ಅಧ್ಯಯನದ ಪ್ರಕಾರ, ಸೇದುವ ಗಂಡಸರು ಕ್ಷಯದಿಂದ ಸಾಯುವುದು ಸೇದದವರ ನಾಲ್ಕು ಪಟ್ಟು. ಬಳ್ಳಾರಿಗೆ ಕ್ಷಯ ಅಂದರೆ ವೆಲ್ಲೆಸ್ಲಿ ಸ್ಯಾನಿಟೋರಿಯಂ. ನಮ್ಮ ಕಡೆ ಆ ಹೆಸರು ಕೇಳಿದರೆ ಹಳೆಯ ತಲೆಮಾರಿನವರು ದನಿ ತಗ್ಗಿಸುತ್ತಿದ್ದರು. ನಮ್ಮ ಮನೆಯ ಒಂದು ಕಥೆಯೂ ಅಲ್ಲಿಗೆ ಹೋಗುತ್ತದೆ.

ನನ್ನ ತಾಯಿಯ ತಂದೆ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ ಅಂದರೆ ಭತ್ತ, ಭತ್ತ ಅಂದರೆ ಮಿಲ್ಲು, ಮಿಲ್ಲು ಅಂದರೆ ಹಮಾಲರು. ಎಲ್ಲಿಂದಲೋ ಬಂದು ಮಿಲ್ಲಿನ ಕಟ್ಟೆಯ ಮೇಲೆ ಮಲಗುವವರು ಆಗ ಹತ್ತು ಹನ್ನೆರಡು ಜನ ಇರುತ್ತಿದ್ದರಂತೆ. ತಾತ ಯಾವತ್ತೂ ಸೇದಿದವರಲ್ಲ. ಆದರೆ ದಿನಾ ಸಂಜೆ ಚಹಾದ ಜತೆ ಎಲ್ಲರಿಗೂ ಒಂದೊಂದು ಬೀಡಿ ತಮ್ಮ ಕೈಯಿಂದಲೇ ಕೊಡುತ್ತಿದ್ದರು. ಪಾಪ, ದುಡಿದು ಬಂದಿದ್ದಾರೆ ಅಂತ.

ಅವರಲ್ಲಿ ರಾಯಚೂರು ಕಡೆಯ ಒಬ್ಬಾತ ಎಂಬತ್ತರ ದಶಕದಲ್ಲಿ ಕೆಮ್ಮಿ ರಕ್ತ ಕಾರಿದ. ತಾತನೇ ಬಳ್ಳಾರಿಗೆ ಕರೆದುಕೊಂಡು ಹೋಗಿ ಸ್ಯಾನಿಟೋರಿಯಮ್ಮಿಗೆ ಸೇರಿಸಿದರು. ಕೆಲವು ತಿಂಗಳು ಅಲ್ಲಿದ್ದ, ಬೀಡಿ ಪೂರ್ತಿ ಬಿಟ್ಟ, ಮೈ ತುಂಬಿಕೊಂಡು ವಾಪಸ್ ಬಂದ. ಮತ್ತೆ ಅದೇ ಕಟ್ಟೆ. ಎಂಟು ದಿನಕ್ಕೆ ಕೈಯಲ್ಲಿ ಬೀಡಿ. ತಾತ ಬೈದರಂತೆ, "ಅಷ್ಟು ತಿಂಗ್ಳು ಬಿಟ್ಟಿದ್ದೆಲ್ಲೋ, ಈಗೇನು ಬಂತು ನಿನಗೆ?" ಆತ ಹೇಳಿದ್ದನ್ನು ತಾತ ನನಗೆ ಎಷ್ಟೋ ಸಲ ಹೇಳಿದ್ದಾರೆ. "ಅಲ್ಲಿ ರಾತ್ರಿ ಬಾಗ್ಲಾ ಹಾಕ್ತಿದ್ರು ಸ್ವಾಮಿ. ಇಲ್ಲಿ ರಾತ್ರಿ ಮುಗಿಯೋದೇ ಇಲ್ಲ."

ತಾತ ಸಾಹುಕಾರರ ಹತ್ತಿರ ಮಾತಾಡಿ, ಖಾಲಿ ಗೋಣಿಚೀಲ ಇಡುತ್ತಿದ್ದ ಕೋಣೆಯನ್ನು ಅವನಿಗೆ ಮಲಗಲು ಕೊಡಿಸಿದರು, ರಾತ್ರಿ ಕಾವಲು ಅಂತ ಹೇಳಿ. ಸಾಹುಕಾರರದು ಒಂದೇ ಷರತ್ತು, ಚೀಲದ ಕೋಣೆ, ಒಳಗೆ ಬೆಂಕಿ ಕೂಡದು. ಮೊದಮೊದಲು ಆತ ರಾತ್ರಿ ನಾಲ್ಕೈದು ಸಲ ಎದ್ದು ಹೊರಗೆ ಹೋಗಿ ಸೇದುತ್ತಿದ್ದ. ಆಮೇಲೆ ಎರಡು ಸಲ. ಚಳಿಗಾಲ ಬಂತು, ಚೀಲದ ಬೆಚ್ಚಗೆ ಬಿಟ್ಟು ಏಳಲು ಬೇಜಾರು. ತಾತ ಸಂಜೆಯ ಬೀಡಿ ನಿಲ್ಲಿಸಿ ಮಂಡಕ್ಕಿ ಕೊಡಲು ಶುರು ಮಾಡಿದರು, ಅವನೊಬ್ಬನಿಗಲ್ಲ, ಎಲ್ಲರಿಗೂ. ಉಳಿದ ಹಮಾಲರು ಒಂದು ವಾರ ಮುಖ ಊದಿಸಿಕೊಂಡಿದ್ದರಂತೆ :) ನಡುವೆ ಕುರುಗೋಡಿನ ತೇರಿಗೆ ಹೋದವನು ಗೆಳೆಯರ ಜತೆ ಮತ್ತೆ ಸೇದಿ ಬಂದ. ತಾತ ಈ ಸಲ ಬೈಯಲಿಲ್ಲ, ಕೋಣೆಯಿಂದ ಹೊರಗೂ ಹಾಕಿಸಲಿಲ್ಲ. ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯಿತು. ಆಮೇಲೆ ಆತ ಮುಟ್ಟಲಿಲ್ಲ.

ಮನೆಯಿಲ್ಲದವರಿಗೆ ಹೊಗೆ ಬಿಡಿಸುವ ಬಗ್ಗೆ ಅಧ್ಯಯನಗಳೂ ನಡೆದಿವೆ. ಅಮೆರಿಕದ ಮಿನೆಸೋಟಾದಲ್ಲಿ ಮನೆಯಿಲ್ಲದ 430 ಜನ ಸೇದುವವರ ಮೇಲೆ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2013ರಲ್ಲಿ ಬಂತು. ಎಲ್ಲರಿಗೂ ನಿಕೋಟಿನ್ ಪಟ್ಟಿ ಕೊಟ್ಟರು, ಅರ್ಧ ಜನರ ಜತೆ ಮೇಲಿಂದ ಮೇಲೆ ಕೂತು ಮಾತಾಡಿದರು. ಆರು ತಿಂಗಳಿಗೆ ಮಾತಾಡಿಸಿದವರಲ್ಲಿ ನೂರಕ್ಕೆ 9.3 ಜನ, ಉಳಿದವರಲ್ಲಿ 5.6 ಜನ ಬಿಟ್ಟಿದ್ದರು. ಆ ವ್ಯತ್ಯಾಸ ಆಕಸ್ಮಿಕ ಇರಲಾರದು ಅಂತ ಸಂಖ್ಯಾಶಾಸ್ತ್ರ ಒಪ್ಪುವಷ್ಟು ದೊಡ್ಡದಲ್ಲ. ನಾನು ಅದನ್ನು ಓದಿದ್ದು ಬೇರೆ ರೀತಿ. ಪಟ್ಟಿ ಇದೆ, ಮಾತೂ ಇದೆ, ಆದರೂ ರಾತ್ರಿ ಮಲಗುವುದು ಎಲ್ಲಿ ಅನ್ನುವುದು ಇತ್ಯರ್ಥವಾಗದ ಜನ ಅವರು. ಅಷ್ಟಾದರೂ ಅವರಲ್ಲಿ ಕೆಲವರು ಬಿಟ್ಟರು ಅನ್ನುವುದೇ ನನಗೆ ಆಶ್ಚರ್ಯ. ಅದೇ ದೇಶದಲ್ಲಿ ಸಿಗರೇಟು ಕಂಪನಿಗಳು ಹಿಂದೆ ನಿರಾಶ್ರಿತರ ತಂಗುದಾಣಗಳಿಗೆ ಪುಕ್ಕಟೆ ಸಿಗರೇಟು ಹಂಚಿದ್ದವು ಅಂತ ಕಂಪನಿಗಳದೇ ಕಾಗದಪತ್ರಗಳಿಂದ 2005ರಲ್ಲಿ ಹೊರಬಿತ್ತು. ಅವರು ಕೊಟ್ಟಿದ್ದು ಲಾಭಕ್ಕೆ, ನಮ್ಮ ತಾತ ಕೊಟ್ಟಿದ್ದು ಪ್ರೀತಿಗೆ. ಪುಪ್ಪುಸಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ತಾತನಿಗೆ ಇದು ಕೊನೆಯವರೆಗೂ ಕೊರೆಯುತ್ತಿತ್ತು. "ಒಬ್ಬನ್ನ ಬಿಡಿಸ್ದೆ ಖರೆ, ಎಷ್ಟು ಮಂದಿಗೆ ನಾನೇ ಕೊಟ್ಟೆ" ಅನ್ನುತ್ತಿದ್ದರು.

2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿ ತಂಗುವಷ್ಟು ಆಶ್ರಯ ಇರಬೇಕಿತ್ತು. 2011ರಲ್ಲೇ ಬಳ್ಳಾರಿ ನಗರದ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು, ಲೆಕ್ಕ ನೀವೇ ಹಾಕಿ. ಆ ಅಭಿಯಾನ 2024ಕ್ಕೆ ಮುಗಿಯಿತು. ಬಾಗಿಲು ಹಾಕುವ ಒಂದು ಕೋಣೆ, ಒಂದು ಹೊತ್ತಿನ ಊಟ, ಕ್ಷಯದ ಪರೀಕ್ಷೆ, ನಿಕೋಟಿನ್ ಗಮ್, ಇವು ಒಂದೇ ಜಾಗದಲ್ಲಿ ಸಿಕ್ಕರೆ ಬಿಡುವವರು ಬಿಡುತ್ತಾರೆ ಅಂತ ನನ್ನ ನಂಬಿಕೆ. ಮೆಡಿಕಲ್ ಕಾಲೇಜು ಇರುವ ಊರಿಗೆ ಇದು ಕೈಲಾಗದ್ದೇನಲ್ಲ.

ರಜೆ ಮುಗಿಸಿ ವಾಪಸ್ ಬರುವಾಗ ರೈಲಿಗೆ ಒಂದು ಗಂಟೆ ಮೊದಲೇ ಬಳ್ಳಾರಿ ಸ್ಟೇಷನ್ನಿಗೆ ಹೋದೆ. ಬ್ಯಾಗಿನಲ್ಲಿ ಅಮ್ಮ ಕಟ್ಟಿದ ಒಗ್ಗರಣೆ ಮಂಡಕ್ಕಿ ಇತ್ತು. ಆ ಗೋಡೆಯ ಹತ್ತಿರ ಬೇರೆ ಯಾರೋ ಮಲಗಿದ್ದರು. ಚಹಾದವನನ್ನು ಕೇಳಿದೆ. "ಆ ಕಂಬ್ಳಿ ತಾತನಾ? ಸಿರುಗುಪ್ಪದ ಕಡೆ ಭತ್ತದ ಕೆಲ್ಸಕ್ಕೆ ಹೋಗಿರ್ಬೇಕ್ರಿ. ಸುಗ್ಗಿ ಮುಗಿದ್ ಮ್ಯಾಲೆ ಬರ್ತಾನೆ" ಅಂದ. ನಾನು ಸಿರುಗುಪ್ಪದಿಂದ ಇಲ್ಲಿಗೆ ಬಂದಿದ್ದೆ, ತಾತ ಇಲ್ಲಿಂದ ಅಲ್ಲಿಗೆ ಹೋಗಿದ್ದರು. ಮಂಡಕ್ಕಿಯನ್ನು ಗೋಡೆಯ ಹತ್ತಿರ ಮಲಗಿದ್ದವರು ಎದ್ದ ಮೇಲೆ ಕೊಡು ಅಂತ ಚಹಾದವನ ಕೈಗೆ ಕೊಟ್ಟು ರೈಲು ಹತ್ತಿದೆ.

ನಿಮ್ಮ ಊರಿನ ಸ್ಟೇಷನ್ನು, ಛತ್ರ, ಮಿಲ್ಲಿನ ಕಟ್ಟೆಗಳ ಇಂಥ ಕಥೆಗಳಿದ್ದರೆ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಬರೆದರೆ ನನಗೊಂದು ಮಾತು ತಿಳಿಸಿ. ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ಊರಿಗೆ ಹೋಗುವುದಿದೆ.